ಗೋವಿನಜೋಳ ನಿಂತೇ ಇತ್ತು, ಜಿಂಕೆ ಕಾಣಲಿಲ್ಲ

2019ರ ನವೆಂಬರ್ ಕೊನೆಯಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು. ಈ ಸಲ ಜಿಂಕೆಯೇ ಇಲ್ಲ. ಪೆಟ್ರೋಲ್ ಬಂಕಿನಲ್ಲಿ ಕಾಫಿ ಹಿಡಿದು ನಿಂತವರು ಅದನ್ನೇ ಹೇಳುತ್ತಿದ್ದರು. ಬೇಟೆಯ ಮಾಂಸವನ್ನು ಕತ್ತರಿಸಿ ಪ್ಯಾಕ್ ಮಾಡಿಕೊಡುವ ಅಂಗಡಿಯವರೂ ಅದನ್ನೇ ಹೇಳುತ್ತಿದ್ದರು. ಬೇರೆ ವರ್ಷ ಅವರ ಅಂಗಡಿ ಮುಂದೆ ಗಾಡಿಗಳು ಸಾಲುಗಟ್ಟಿ ನಿಲ್ಲುತ್ತಿದ್ದವಂತೆ.

ಲೆಕ್ಕವೂ ಅವರ ಮಾತಿಗೆ ಸಾಕ್ಷಿ ಹೇಳುವಂತಿತ್ತು. 2018ರ ಒಂಬತ್ತು ದಿನಗಳ ಬಂದೂಕು ಬೇಟೆಯಲ್ಲಿ ಸುಮಾರು 2.11 ಲಕ್ಷ ಜಿಂಕೆ ಸಿಕ್ಕಿದ್ದವು. 2019ರಲ್ಲಿ ಅದು ಸುಮಾರು 1.6 ಲಕ್ಷಕ್ಕೆ ಇಳಿಯಿತು. ಹತ್ತಿರ ಹತ್ತಿರ ಕಾಲು ಭಾಗ ಕಡಿಮೆ. ಒಂದೇ ವರ್ಷದಲ್ಲಿ ಅಷ್ಟು ಜಿಂಕೆ ಎಲ್ಲಿ ಹೋದವು?

ಎಲ್ಲೂ ಹೋಗಿರಲಿಲ್ಲ. ಬಹುಪಾಲು ಜಿಂಕೆಗಳು ರೈತರ ಹೊಲದಲ್ಲೇ ಇದ್ದವು. ಈ ಒಂದು ಮಾತನ್ನು ಬಿಡಿಸಿ ಹೇಳುವುದಕ್ಕೇ ಈ ಲೇಖನ. ಬೇಟೆಯ ಲೆಕ್ಕವನ್ನು ಜಿಂಕೆಯ ಲೆಕ್ಕ ಅಂತ ಓದಿದರೆ ದಾರಿ ತಪ್ಪುತ್ತೇವೆ. ಜಿಂಕೆಯೂ ಮನುಷ್ಯನೂ ಎಷ್ಟು ಸಲ ಎದುರುಬದುರಾದರು ಅನ್ನುವುದಷ್ಟೇ ಅದರಲ್ಲಿ ಇರುತ್ತದೆ.

ನಾನು ಬೇಟೆಗಾರ ಅಲ್ಲ. ರಾಣೆಬೆನ್ನೂರು ಕಡೆಯವನು. ಗೋವಿನಜೋಳದ ಹೊಲದಲ್ಲಿ ಆಡಿ ಬೆಳೆದವನು, ಬೆಳಗಾದರೆ ಚಿಗರಿ, ಅಂದರೆ ಕೃಷ್ಣಮೃಗದ ಹಿಂಡು ನೋಡಿದವನು. ಹಾಗಾಗಿ ಈ ಕಥೆಯಲ್ಲಿ ಜೋಳವೂ ನನಗೆ ಗೊತ್ತು, ಪೈರಿಗೆ ಬೀಳುವ ಜಿಂಕೆಯ ಕಾಟವೂ ಗೊತ್ತು. ಗೊತ್ತಿಲ್ಲದ್ದು ಬೇಟೆ. ಅದನ್ನು ನನಗೆ ತಿಳಿಸಿಕೊಟ್ಟವರು ಮ್ಯಾಡಿಸನ್ ನಗರದಿಂದ ಪಶ್ಚಿಮಕ್ಕೆ ಮುಕ್ಕಾಲು ಗಂಟೆ ದೂರದಲ್ಲಿ ಹಸು ಸಾಕಿಕೊಂಡಿರುವ ಒಬ್ಬ ಹಿರಿಯ ರೈತರು.

ಮೊದಲು ಒಂದು ವಿಷಯ. ನಮ್ಮಲ್ಲಿ ಜಿಂಕೆ ಹೊಡೆದರೆ ಜೈಲು. 1972ರ ವನ್ಯಜೀವಿ ಕಾಯಿದೆ ಅಷ್ಟು ಬಿಗಿಯಾಗಿದೆ. ಇಲ್ಲಿ ವಿಸ್ಕಾನ್ಸಿನ್‌ನಲ್ಲಿ ಸರ್ಕಾರವೇ ಲೈಸೆನ್ಸ್ ಕೊಟ್ಟು ಬೇಟೆಗೆ ಕಳಿಸುತ್ತದೆ. ಯಾಕೆ?

ಇಲ್ಲಿರುವುದು ಬಿಳಿಬಾಲದ ಜಿಂಕೆ. ಹೆದರಿದಾಗ ಬಾಲ ಎತ್ತಿ ಓಡುತ್ತದೆ, ಬಾಲದ ಅಡಿಯ ಬಿಳಿ ಕೂದಲು ಬಾವುಟದ ಹಾಗೆ ಕಾಣುತ್ತದೆ. 1900ರ ಸುಮಾರಿಗೆ ಇಡೀ ಅಮೆರಿಕದಲ್ಲಿ ಇವು ಐದು ಲಕ್ಷದಷ್ಟು ಮಾತ್ರ ಉಳಿದಿದ್ದವು. ಕಾಡು ಕಡಿದದ್ದು ಒಂದು ಕಾರಣ. ಮಾಂಸ ಮತ್ತು ಚರ್ಮದ ವ್ಯಾಪಾರಕ್ಕೆ ಮಿತಿಯಿಲ್ಲದೆ ಹೊಡೆದದ್ದು ಇನ್ನೊಂದು. ಆಮೇಲೆ ಕಾನೂನು ಬಂತು. ಕಾಡುಪ್ರಾಣಿಯ ಮಾಂಸ ಮಾರುವುದನ್ನು ನಿಲ್ಲಿಸಿದರು. 1937ರಲ್ಲಿ ಬೇಟೆಯ ಬಂದೂಕು, ಮದ್ದುಗುಂಡಿನ ಮೇಲಿನ ತೆರಿಗೆಯನ್ನು ವನ್ಯಜೀವಿ ಕೆಲಸಕ್ಕೇ ಮೀಸಲಿಟ್ಟರು. ಜಿಂಕೆ ಚೇತರಿಸಿಕೊಂಡಿತು. ಈಗ ದೇಶದಲ್ಲಿ ಸುಮಾರು ಮೂರು ಕೋಟಿ ಇವೆ ಎಂದು ಅಂದಾಜು. ತೋಳ, ಪೂಮಾದಂಥ ಪ್ರಾಣಿಗಳು ಈ ಹೊಲಗದ್ದೆಯ ಸೀಮೆಯಲ್ಲಿ ಇಲ್ಲವೇ ಇಲ್ಲ ಅನ್ನಬಹುದು. ಮೇವಂತೂ ಬೇಕಾದಷ್ಟಿದೆ. ಜೋಳ, ಸೋಯಾ ಅವರೆ, ಹಸುವಿಗೆ ಬೆಳೆದ ಕುದುರೆ ಮಸಾಲೆ ಸೊಪ್ಪು. ಹೀಗಾಗಿ ಹತೋಟಿಯ ಕೆಲಸ ಬೇಟೆಗಾರರ ಪಾಲಿಗೆ ಬಂದಿದೆ.

2019ರಲ್ಲಿ ಇಲ್ಲಿನ ನಿವಾಸಿಗೆ ಬಂದೂಕು ಬೇಟೆಯ ಲೈಸೆನ್ಸ್ 24 ಡಾಲರ್. ಗಂಡು ಜಿಂಕೆ ಹೊಡೆಯಲು ಒಂದು ಚೀಟಿ. ಕೊಂಬಿಲ್ಲದ ಜಿಂಕೆಗೆ, ಅಂದರೆ ಹೆಣ್ಣು ಮತ್ತು ಮರಿಗೆ, ಬೇರೆ ಚೀಟಿ. ಎಷ್ಟು ಚೀಟಿ ಕೊಡಬೇಕು ಅಂತ ಕೌಂಟಿ ಕೌಂಟಿಗೂ, ಅಂದರೆ ನಮ್ಮ ಜಿಲ್ಲೆಯಂಥ ಒಂದೊಂದು ಭಾಗಕ್ಕೂ, ಲೆಕ್ಕ ಹಾಕುತ್ತಿದ್ದರು. ಹೊಡೆದ ಜಿಂಕೆಯನ್ನು ಮರುದಿನ ಸಂಜೆ ಐದರೊಳಗೆ ನೋಂದಾಯಿಸಬೇಕು. ಮಾಂಸ ತಿನ್ನಬಹುದು, ಹಂಚಬಹುದು, ದಾನ ಮಾಡಬಹುದು. ಮಾರುವಂತಿಲ್ಲ.

ಈಗ 2019ಕ್ಕೆ ಬರೋಣ. ಆ ವರ್ಷ ಒಟ್ಟಿಗೆ ಸೇರಿದ್ದು ಮೂರು ಸಂಗತಿ. ಅವುಗಳಲ್ಲಿ ಜೋಳವೇ ದೊಡ್ಡದು. ಆದರೆ ಎಲ್ಲರ ಕಣ್ಣಿಗೆ ಮೊದಲು ಬಿದ್ದದ್ದು ತಾರೀಖು.

ವಿಸ್ಕಾನ್ಸಿನ್‌ನಲ್ಲಿ ಬಂದೂಕು ಬೇಟೆ ಶುರುವಾಗುವುದು ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಶನಿವಾರ. ಹಬ್ಬ ನವೆಂಬರಿನ ನಾಲ್ಕನೇ ಗುರುವಾರ. ಅಂದರೆ ಬೇಟೆ 17ರಿಂದ 23ರ ನಡುವೆ ಯಾವತ್ತಾದರೂ ಶುರುವಾಗಬಹುದು. 2018ರಲ್ಲಿ 17ಕ್ಕೇ ಶುರುವಾಯಿತು, ಅದಕ್ಕಿಂತ ಮೊದಲು ಬರಲು ಸಾಧ್ಯವಿಲ್ಲ. 2019ರಲ್ಲಿ 23ಕ್ಕೆ, ಅದಕ್ಕಿಂತ ತಡ ಆಗಲು ಸಾಧ್ಯವಿಲ್ಲ. ಆರು ದಿನದಲ್ಲಿ ಏನು ಮಹಾ ವ್ಯತ್ಯಾಸ ಅನ್ನಿಸುತ್ತದೆ ಅಲ್ವಾ? ಜಿಂಕೆಯ ಬದುಕಿನಲ್ಲಿ ಆ ಆರು ದಿನ ತುಂಬ ದೊಡ್ಡದು.

ಜಿಂಕೆ ಬೆದೆಗೆ ಬರುವುದು ಹಗಲಿನ ಉದ್ದ ನೋಡಿಕೊಂಡು. ಚಳಿ ಬಂತೋ ಬಿಟ್ಟಿತೋ ಅದಕ್ಕೆ ಲೆಕ್ಕವಿಲ್ಲ. ಶರತ್ಕಾಲದಲ್ಲಿ ಹಗಲು ದಿನದಿನಕ್ಕೆ ಗಿಡ್ಡವಾಗುತ್ತದೆ. ಕಣ್ಣಿಗೆ ಬೀಳುವ ಬೆಳಕು ಕಡಿಮೆಯಾದ ಹಾಗೆ ಮೆದುಳಿನಲ್ಲಿ ಮೆಲಟೋನಿನ್ ಜಾಸ್ತಿ ಹೊತ್ತು ಊರುತ್ತದೆ. ಅದರಿಂದ ಗಂಡಿನ, ಹೆಣ್ಣಿನ ಹಾರ್ಮೋನುಗಳು ಏರುತ್ತವೆ. ಹಗಲಿನ ಉದ್ದ ವರ್ಷದಿಂದ ವರ್ಷಕ್ಕೆ ಬದಲಾಗದು. ಆದ್ದರಿಂದ ಇಲ್ಲಿ ಹೆಚ್ಚಿನ ಹೆಣ್ಣುಗಳು ಗಬ್ಬ ಕಟ್ಟುವುದು ಪ್ರತಿ ವರ್ಷವೂ ನವೆಂಬರ್ ಮೊದಲ ಎರಡು ಮೂರು ವಾರದಲ್ಲೇ. ಸುಮಾರು 200 ದಿನ ಗಬ್ಬ. ಮೇ ಕೊನೆಗೆ, ಜೂನ್ ಮೊದಲಿಗೆ, ಎಲ್ಲೆಲ್ಲೂ ಹಸಿರು ಚಿಗುರಿದಾಗ ಮರಿ ನೆಲಕ್ಕೆ ಬೀಳುತ್ತದೆ.

ಬೆದೆಯ ದಿನಗಳಲ್ಲಿ ಗಂಡು ಜಿಂಕೆಗೆ ಮೈಮೇಲೆ ಎಚ್ಚರ ಇರುವುದಿಲ್ಲ. ಮೇವು ಮರೆತು ಹಗಲು ಹೊತ್ತಲ್ಲೇ ಹೆಣ್ಣಿನ ವಾಸನೆ ಹಿಡಿದು ಬಯಲು ದಾಟುತ್ತದೆ, ರಸ್ತೆ ದಾಟುತ್ತದೆ. ನವೆಂಬರಿನಲ್ಲಿ ಕಾರಿಗೆ ಜಿಂಕೆ ಬಡಿಯುವುದು ಜಾಸ್ತಿ ಆಗುವುದು ಇದಕ್ಕೇ. ಬೆದೆ ಮುಗಿಯುವ ಹೊತ್ತಿಗೆ ಮೈಯ ತೂಕದಲ್ಲಿ ಐದರಲ್ಲೊಂದು ಪಾಲು ಕರಗಿರುವುದೂ ಉಂಟು. ಆಮೇಲೆ ಅದು ಮಾಡುವುದು ಎರಡೇ ಕೆಲಸ. ತಿನ್ನುವುದು, ಬಚ್ಚಿಟ್ಟುಕೊಂಡು ಮಲಗುವುದು. 2018ರ ಬೇಟೆಗಾರರಿಗೆ ಓಡಾಡುವ ಜಿಂಕೆ ಸಿಕ್ಕಿತು. 2019ರವರಿಗೆ ಸುಸ್ತಾಗಿ ಮಲಗಿದ ಜಿಂಕೆ ಉಳಿಯಿತು.

ಹಾಗಂತ ತಾರೀಖಿನ ಮೇಲೇ ಎಲ್ಲವನ್ನೂ ಹೊರಿಸುವುದು ಸರಿಯಲ್ಲ. ಮಲಗಿದ ಜಿಂಕೆಯನ್ನೂ ಹುಡುಕಬಹುದಿತ್ತು, ಅದು ಮಲಗಿದ ಜಾಗ ಬೇರೆಯಾಗಿದ್ದರೆ.

ಆ ಜಾಗದ ಕಥೆ ಶುರುವಾಗುವುದು ವಸಂತದಲ್ಲಿ. 2018ರ ಬೇಸಿಗೆಯಿಂದ 2019ರ ಬೇಸಿಗೆವರೆಗಿನ ಹನ್ನೆರಡು ತಿಂಗಳಲ್ಲಿ ಅಮೆರಿಕದಲ್ಲಿ ದಾಖಲೆ ಮಳೆ ಬಿತ್ತು. ಹೊಲಕ್ಕೆ ಟ್ರ್ಯಾಕ್ಟರ್ ಇಳಿಸುವ ಹಾಗೇ ಇರಲಿಲ್ಲ. ಏಪ್ರಿಲ್ ಕೊನೆಗೆ ಶುರುವಾಗಿ ಮೇ ಕೊನೆಯೊಳಗೆ ಮುಗಿಯಬೇಕಿದ್ದ ಜೋಳದ ಬಿತ್ತನೆ ಎಷ್ಟೋ ಕಡೆ ಜೂನ್‌ವರೆಗೂ ಎಳೆಯಿತು. ಕೆಲವರು ಬಿತ್ತಲೇ ಇಲ್ಲ. ತಡವಾಗಿ ಬಿತ್ತಿದ್ದು ತಡವಾಗಿ ಬಲಿಯುತ್ತದೆ. ಅಕ್ಟೋಬರ್ ಬಂದರೂ ಕಾಳಿನಲ್ಲಿ ನೀರು ಹಾಗೇ ಇತ್ತು.

ಗೋವಿನಜೋಳ ಬೆಳೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಾಳು ಬಲಿತಾಗ ಅದರಲ್ಲಿ ನೂರಕ್ಕೆ ಮೂವತ್ತಕ್ಕಿಂತ ಜಾಸ್ತಿ ತೇವ ಇರುತ್ತದೆ. ಕೂಡಿಡಬೇಕಾದರೆ ಅದು 15ಕ್ಕೆ ಇಳಿಯಬೇಕು, ಇಲ್ಲದಿದ್ದರೆ ಬೂಸಲು. ನಮ್ಮೂರಲ್ಲಿ ರಸ್ತೆ ಮೇಲೆ, ಕಣದಲ್ಲಿ ಹರವಿ ಬಿಸಿಲಿಗೆ ಒಣಗಿಸುತ್ತೇವೆ. ಇಲ್ಲಿ ನವೆಂಬರಿನಲ್ಲಿ ಬಿಸಿಲು ಎಲ್ಲಿಂದ ಬರಬೇಕು? ದೊಡ್ಡ ಡ್ರೈಯರಿನಲ್ಲಿ ಬಿಸಿಗಾಳಿ ಊದಿ ಒಣಗಿಸುತ್ತಾರೆ. ಅದಕ್ಕೆ ಪ್ರೋಪೇನ್ ಗ್ಯಾಸ್ ಬೇಕು. ಆ ವರ್ಷ ಎಲ್ಲರ ಜೋಳವೂ ಹಸಿ, ಎಲ್ಲರಿಗೂ ಒಟ್ಟಿಗೇ ಗ್ಯಾಸ್ ಬೇಕು. ಅದೇ ಹೊತ್ತಿಗೆ ಚಳಿಯೂ ಬೇಗ ಬಂತು, ಮನೆ ಬಿಸಿ ಮಾಡುವುದಕ್ಕೂ ಅದೇ ಗ್ಯಾಸ್ ಬೇಕು. ನಡು ಅಮೆರಿಕದ ತುಂಬ ಪ್ರೋಪೇನ್ ಕೊರತೆ ಬಿತ್ತು.

ರೈತರ ಮುಂದೆ ಉಳಿದದ್ದು ಒಂದೇ ದಾರಿ. ಜೋಳವನ್ನು ಹೊಲದಲ್ಲೇ ಬಿಡುವುದು, ನಿಂತಲ್ಲೇ ಒಣಗಲಿ ಅಂತ. ಹೀಗೆ ನವೆಂಬರ್ 23ರ ಬೆಳಗ್ಗೆ ಬೇಟೆಗಾರರು ಅಟ್ಟಣೆ ಹತ್ತಿದಾಗ ಅವರ ಎದುರಿಗೆ ಕೊಯ್ದ ಬಯಲು ಇರಬೇಕಾದ ಕಡೆ ಆಳುದ್ದ ಮೀರಿದ ಜೋಳದ ಗೋಡೆ ನಿಂತಿತ್ತು.

ಆ ಜೋಳದೊಳಗೆ ನಾನು ಒಮ್ಮೆ ಹೋಗಿದ್ದೆ. ಬೇಟೆಗೆ ವಾರ ಮುಂಚೆ ಆ ಹಿರಿಯರೇ ಕರೆದುಕೊಂಡು ಹೋದರು. ಸಾಲಿನಿಂದ ಸಾಲಿಗೆ ಎರಡೂವರೆ ಅಡಿ. ಎರಡು ಸಾಲು ದಾಟಿದ ಮೇಲೆ ತಿರುಗಿ ನೋಡಿದೆ, ಬದುವಿನ ಮೇಲೆ ನಿಲ್ಲಿಸಿದ್ದ ಅವರ ಕೆಂಪು ಗಾಡಿ ಕಾಣಲಿಲ್ಲ. ಐದು ಸಾಲು ದಾಟಿದ ಮೇಲೆ ಅವರೂ ಕಾಣಲಿಲ್ಲ. ಒಣಗಿದ ಗರಿ ಒಂದಕ್ಕೊಂದು ಉಜ್ಜಿ ಸರಸರ ಸದ್ದು ಮಾಡುತ್ತಿತ್ತು. ನನ್ನ ಹೆಜ್ಜೆ ಸದ್ದಂತೂ ಊರಿಗೇ ಕೇಳುವಂತಿತ್ತು. ಅವರು ಕೂಗಿ ಕರೆದು ನೆಲ ತೋರಿಸಿದರು. ಎರಡು ದಂಟಿನ ನಡುವೆ ಹುಲ್ಲು, ಗರಿ ಅಮುಕಿಕೊಂಡು ಒಂದು ತಗ್ಗು. ಹಸುಗೂಸಿನ ಹಾಸಿಗೆಯಷ್ಟು ಜಾಗ. ಪಕ್ಕದಲ್ಲಿ ಹಿಕ್ಕೆ. ಮಲಗಿದಲ್ಲಿಂದ ಕತ್ತು ಚಾಚಿದರೆ ಸಿಗುವಷ್ಟು ದೂರದಲ್ಲಿ ಅರ್ಧ ತಿಂದ ತೆನೆ. ಕೈ ಇಟ್ಟು ನೋಡಿ ಅಂದರು. ಸುತ್ತಲಿನ ನೆಲ ಹಿಮದಷ್ಟು ತಣ್ಣಗಿತ್ತು, ಆ ತಗ್ಗು ಮಾತ್ರ ಬೆಚ್ಚಗಿತ್ತು. ಆಗ ತಾನೇ ಎದ್ದು ಹೋಗಿತ್ತು. ನಾವು ಅದರ ಬಾಲವನ್ನೂ ನೋಡಲಿಲ್ಲ.

ಆ ಬೆಚ್ಚಗಿನ ತಗ್ಗಿನಲ್ಲಿ ಇಡೀ ವರ್ಷದ ವಿವರಣೆ ಇದೆ ಅಂತ ನನಗೆ ಅನ್ನಿಸುತ್ತದೆ.

ಇಲ್ಲಿನವರು ಹೆಚ್ಚಾಗಿ ಮಾಡುವುದು ಮಲೆನಾಡಿನಲ್ಲಿ ಹಿಂದೆ ಮರಸು ಕೂರುವುದು ಅನ್ನುತ್ತಿದ್ದರಲ್ಲ, ಅದನ್ನೇ. ಮರದ ಮೇಲೆ, ಅಟ್ಟಣೆಯ ಮೇಲೆ ಅಲ್ಲಾಡದೆ ಕೂತು ಜಿಂಕೆ ಬರುವುದನ್ನು ಕಾಯುವುದು. ಇದು ಫಲ ಕೊಡಬೇಕಾದರೆ ಜಿಂಕೆ ನಡೆಯಬೇಕು. ಸಾಮಾನ್ಯ ವರ್ಷದಲ್ಲಿ ಅದು ನಡೆಯಲೇಬೇಕು. ಹಗಲು ಮಲಗುವುದು ಸಣ್ಣ ಕಾಡಿನ ತುಂಡಿನಲ್ಲಿ, ಮೇಯುವುದು ಕೊಯ್ದ ಹೊಲದಲ್ಲಿ ಉದುರಿದ ಕಾಳನ್ನು. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಆ ಎರಡರ ನಡುವೆ ಓಡಾಟ. ಬೇಟೆಗಾರ ಆ ದಾರಿಯ ಬದಿಯಲ್ಲಿ ಕೂತಿರುತ್ತಾನೆ. ಆದರೆ ಅಡುಗೆಮನೆ, ಮಲಗುವ ಕೋಣೆ ಎರಡೂ ಒಂದೇ ಆದರೆ ಹೊರಗೆ ಯಾಕೆ ಬರಬೇಕು? ನಿಂತ ಜೋಳದೊಳಗೆ ಮೇವಿದೆ, ಮರೆ ಇದೆ, ಗಾಳಿ ತಡೆಯುವ ಗೋಡೆ ಇದೆ. ಒಂದು ಜಿಂಕೆ ದಿನಗಟ್ಟಲೆ ಹಗಲು ಹೊತ್ತು ಹೊರಗೆ ಮುಖ ಹಾಕದೆ ಇದ್ದುಬಿಡಬಹುದು.

ಹಾಗಾದರೆ ಒಳಗೆ ನುಗ್ಗಿ ಎಬ್ಬಿಸಬಹುದಲ್ಲ? ಜನ ಸೇರಿ ಸೋವು ಹೊಡೆಯುವ ಪದ್ಧತಿ ಇಲ್ಲೂ ಇದೆ. ಕಾಡಿನ ತುಂಡಿನಲ್ಲಿ ಚೆನ್ನಾಗಿ ನಡೆಯುತ್ತದೆ. ಜೋಳದಲ್ಲಿ ನಡೆಯುವುದಿಲ್ಲ. ಜಿಂಕೆ ಹೊರಗೆ ಓಡುವ ಬದಲು ಎರಡು ಸಾಲು ಪಕ್ಕಕ್ಕೆ ಸರಿದು ನಿಮ್ಮನ್ನು ಮುಂದೆ ಹೋಗಲು ಬಿಟ್ಟು ಹಿಂದೆ ನುಸುಳುತ್ತದೆ. ಅದಕ್ಕಿಂತ ದೊಡ್ಡ ಮಾತು ಅಪಾಯ. ಆ ಕಡೆ ಯಾರಿದ್ದಾರೆ ಕಾಣದ ಕಡೆ ಗುಂಡು ಹಾರಿಸುವಂತಿಲ್ಲ. ದಂಟಿಗೆ ಗುಂಡು ನಿಲ್ಲುವುದೂ ಇಲ್ಲ. ಬೇಟೆಗಾರರೆಲ್ಲ ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ ಬಟ್ಟೆ ಹಾಕುವುದು ಇದಕ್ಕೇ. ಜಿಂಕೆಗೆ ಕೆಂಪು, ಕಿತ್ತಳೆ ಸರಿಯಾಗಿ ಗೊತ್ತಾಗುವುದಿಲ್ಲ, ಮನುಷ್ಯನಿಗೆ ಅರ್ಧ ಮೈಲಿಯಿಂದ ಕಾಣುತ್ತದೆ. ಆದರೆ ಜೋಳದೊಳಗೆ ಆ ಬಣ್ಣವೂ ಮುಳುಗಿ ಹೋಗುತ್ತದೆ.

ಹಳಬರಿಗೆ ಒಂದು ಉಪಾಯ ಗೊತ್ತಿದೆ. ಗಾಳಿ ಜೋರಾಗಿರುವ ದಿನ ಒಬ್ಬರೇ ಹೊಲಕ್ಕೆ ಇಳಿಯುವುದು. ಸಾಲಿನ ಉದ್ದಕ್ಕೆ ನಡೆಯದೆ ಅಡ್ಡಡ್ಡ ದಾಟುವುದು. ಒಂದೊಂದು ಸಾಲು ದಾಟುವಾಗಲೂ ತಲೆ ಮಾತ್ರ ಚಾಚಿ ಎಡಕ್ಕೆ ನೋಡು, ಬಲಕ್ಕೆ ನೋಡು, ಆಮೇಲೆ ಹೆಜ್ಜೆ ಇಡು. ಗರಿಯ ಸದ್ದಿನಲ್ಲಿ ಹೆಜ್ಜೆ ಸದ್ದು ಅಡಗುತ್ತದೆ. ಗಾಳಿ ನಿಮ್ಮ ಮುಖಕ್ಕೆ ಬಡಿಯುತ್ತಿರಬೇಕು, ಇಲ್ಲದಿದ್ದರೆ ನಿಮ್ಮ ವಾಸನೆ ನಿಮಗಿಂತ ಮುಂಚೆ ಹೋಗಿ ಸುದ್ದಿ ಮುಟ್ಟಿಸುತ್ತದೆ. ಇಡೀ ದಿನ ಹೋದರೆ ಒಂದು ಹೊಲ ಮುಗಿಯಬಹುದು. ಮಕ್ಕಳನ್ನು ಕರೆದುಕೊಂಡು ವಾರಾಂತ್ಯಕ್ಕೆ ಬಂದವರು ಮಾಡುವ ಕೆಲಸ ಅಲ್ಲ ಅದು.

ಮೂರನೆಯದು ಹವೆ. ಅದನ್ನು ಬೇಗ ಹೇಳಿ ಮುಗಿಸುತ್ತೇನೆ. ಒಂಬತ್ತು ದಿನದ ಬೇಟೆಯಲ್ಲಿ ಹೆಚ್ಚುಕಡಿಮೆ ಅರ್ಧ ಜಿಂಕೆ ಸಿಗುವುದು ಮೊದಲ ಶನಿವಾರ, ಭಾನುವಾರ. ಆಗ ತಪ್ಪಿದವರು ಹಬ್ಬದ ರಜೆಯಲ್ಲಿ ಮತ್ತೆ ಹೋಗುತ್ತಾರೆ. 2019ರಲ್ಲಿ ಹಬ್ಬಕ್ಕೆ ಮುಂಚಿನ ಮಂಗಳವಾರ, ಬುಧವಾರ ಹಿಮ ಮತ್ತು ಬಿರುಗಾಳಿ. ಕೊನೆಯ ವಾರಾಂತ್ಯ ರಾಜ್ಯದ ಉತ್ತರಕ್ಕೆ ಇನ್ನೊಂದು ದೊಡ್ಡ ಹಿಮಪಾತ. ರಸ್ತೆಯೇ ಕಷ್ಟವಾಯಿತು.

ಆದರೆ ಪ್ರತಿ ಕೆಟ್ಟ ವರ್ಷಕ್ಕೂ ಜೋಳವೇ ಕಾರಣ ಅಂದುಕೊಳ್ಳಬೇಡಿ. ಜಿಂಕೆ ನಿಜವಾಗಿಯೂ ಕಡಿಮೆಯಾಗುವ ವರ್ಷಗಳೂ ಇವೆ. 2012ರ ಬರಗಾಲದಲ್ಲಿ ನಡು ಅಮೆರಿಕದ ಹಲವು ರಾಜ್ಯಗಳಲ್ಲಿ ಒಂದು ವೈರಸ್ ರೋಗ ಹರಡಿ ಜಿಂಕೆಗಳು ಹಳ್ಳಕೊಳ್ಳದ ಬದಿಯಲ್ಲಿ ಸತ್ತು ಬಿದ್ದವು. ನೀರು ಬತ್ತಿದ ಕೆಸರಿನಲ್ಲಿ ಹುಟ್ಟುವ ಸಣ್ಣ ನೊಣ ಅದನ್ನು ಹರಡುತ್ತದೆ. ನಮ್ಮ ಕುರಿಗಳಿಗೆ ಬರುವ ನೀಲಿ ನಾಲಿಗೆ ರೋಗದ ಹತ್ತಿರದ ನೆಂಟ ಈ ರೋಗ, ಹರಡುವ ನೊಣವೂ ಅದೇ ಜಾತಿಯದು. ಅಂಥ ವರ್ಷ ಹೊಲ ಖಾಲಿಯಾಗಿದ್ದರೂ ಜಿಂಕೆ ಕಾಣುವುದಿಲ್ಲ, ಹಳ್ಳದಲ್ಲಿ ಹೆಣ ಸಿಗುತ್ತದೆ. 2019ರ ವಿಸ್ಕಾನ್ಸಿನ್‌ನಲ್ಲಿ ಅಂಥ ಲಕ್ಷಣ ಇರಲಿಲ್ಲ.

ಇನ್ನೊಂದು ರೋಗ ನಿಧಾನದ್ದು, ಅದರ ಬಗ್ಗೆ ನನಗೆ ಹೆಚ್ಚು ಭಯ. ಜಿಂಕೆಯ ಕ್ಷಯಿಸುವ ರೋಗ. 1967ರಲ್ಲಿ ಕೊಲರಾಡೋದಲ್ಲಿ ಮೊದಲು ಕಂಡದ್ದು, 2002ರಲ್ಲಿ ವಿಸ್ಕಾನ್ಸಿನ್‌ನ ಮೌಂಟ್ ಹೋರೆಬ್ ಹತ್ತಿರ ಸಿಕ್ಕಿತು. ಹುಚ್ಚು ಹಸು ರೋಗದ ಗುಂಪಿನದು. ಬ್ಯಾಕ್ಟೀರಿಯಾ ಅಲ್ಲ, ವೈರಸ್ಸೂ ಅಲ್ಲ, ತಪ್ಪಾಗಿ ಮಡಚಿಕೊಂಡ ಒಂದು ಪ್ರೋಟೀನ್. ಅದರ ಹೆಸರು ಪ್ರಿಯಾನ್. ಬೇಯಿಸಿದರೆ ಸಾಯುವುದಿಲ್ಲ, ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಒಂದೂವರೆ ಎರಡು ವರ್ಷ ಜಿಂಕೆ ಚೆನ್ನಾಗಿಯೇ ಕಾಣುತ್ತದೆ, ಆಮೇಲೆ ಬಡಕಲಾಗಿ ಸಾಯುತ್ತದೆ. ಮನುಷ್ಯರಿಗೆ ಬಂದದ್ದು ಸಾಬೀತಾಗಿಲ್ಲ. ಆದರೂ ರೋಗ ಇದೆ ಎಂದು ಗೊತ್ತಾದ ಜಿಂಕೆಯ ಮಾಂಸ ತಿನ್ನಬೇಡಿ ಅಂತ ಆರೋಗ್ಯ ಇಲಾಖೆ ಹೇಳುತ್ತದೆ. ಕತ್ತಿನ ಗ್ರಂಥಿ ಪರೀಕ್ಷೆಗೆ ಕೊಟ್ಟು ಫಲಿತಾಂಶ ಬರುವವರೆಗೆ ಮಾಂಸವನ್ನು ಫ್ರೀಜರಿನಲ್ಲಿ ಇಟ್ಟು ಕಾಯುತ್ತಾರೆ.

ಇದಕ್ಕೆಲ್ಲ ಬೇಸತ್ತು ಕೆಲವರು ಬೇಟೆ ಬಿಟ್ಟಿದ್ದಾರೆ. ಹಳೆಯ ತಲೆಮಾರು ವಯಸ್ಸಾಗಿ ಬಿಡುತ್ತಿದೆ. 2000ದಲ್ಲಿ ಸುಮಾರು 6.9 ಲಕ್ಷ ಜನ ಬಂದೂಕು ಬೇಟೆಯ ಲೈಸೆನ್ಸ್ ತೆಗೆದುಕೊಂಡಿದ್ದರು. 2019ರಲ್ಲಿ ಐದೂವರೆ ಲಕ್ಷದ ಆಸುಪಾಸು. ಇದರ ಪರಿಣಾಮ ತಲೆ ಎಣಿಸಿದರೆ ಕಾಣುವುದಕ್ಕಿಂತ ಜಾಸ್ತಿ. ಒಬ್ಬ ಬೇಟೆಗಾರ ಕಾಡಿಗೆ ಇಳಿದರೆ ಅವನ ಕಣ್ಣು ತಪ್ಪಿಸಿ ಎದ್ದ ಜಿಂಕೆ ಇನ್ನೊಬ್ಬನ ಎದುರಿಗೆ ಬರುತ್ತದೆ. ಜನ ಕಡಿಮೆಯಾದ ಹಾಗೆ ಜಿಂಕೆ ಮಲಗಿದಲ್ಲೇ ಮಲಗುತ್ತದೆ.

ಜಿಂಕೆ ಉಳಿದರೆ ಒಳ್ಳೆಯದೇ ಅಲ್ವಾ ಅಂತ ನನ್ನ ತಂಗಿ ಫೋನಿನಲ್ಲಿ ಕೇಳಿದಳು. ನನಗೂ ಮೊದಲು ಹಾಗೇ ಅನ್ನಿಸಿತ್ತು. ಆದರೆ ಇದು ಕಾಡಲ್ಲ, ಬೆಳೆಯ ಸೀಮೆ. ಮೇವು ಚೆನ್ನಾಗಿ ಸಿಕ್ಕ ಹೆಣ್ಣು ಜಿಂಕೆ ಸಾಮಾನ್ಯವಾಗಿ ಅವಳಿ ಹಾಕುತ್ತದೆ. ಇಲ್ಲಿ ಕೆಲವು ಹೆಣ್ಣು ಮರಿಗಳು ಹುಟ್ಟಿದ ಆರೇಳು ತಿಂಗಳಲ್ಲೇ ಗಬ್ಬ ಕಟ್ಟುತ್ತವೆ. ಒಂದು ನವೆಂಬರಿನಲ್ಲಿ ಚೀಟಿ ಕೈಯಲ್ಲಿದ್ದೂ ಸಿಗದೆ ಹೋದ ಒಂದೊಂದು ಹೆಣ್ಣೂ ಮುಂದಿನ ಬೇಸಿಗೆಗೆ ಮೂರು ಬಾಯಿ. ಅದನ್ನು ಹೊರುವವರು ರೈತರು. ರಸ್ತೆಯ ಮೇಲೂ ಅದು ಕಾಣುತ್ತದೆ, ಈ ರಾಜ್ಯದಲ್ಲಿ ವರ್ಷಕ್ಕೆ ಹದಿನೈದು ಸಾವಿರಕ್ಕೂ ಹೆಚ್ಚು ಸಲ ವಾಹನಗಳು ಜಿಂಕೆಗೆ ಡಿಕ್ಕಿ ಹೊಡೆಯುತ್ತವೆ. ಒತ್ತೊತ್ತಾಗಿ ಬದುಕುವ ಜಿಂಕೆಗಳಲ್ಲಿ ಆ ನಿಧಾನದ ರೋಗವೂ ಸುಲಭವಾಗಿ ದಾಟುತ್ತದೆ.

ಬೆಳೆ ಹಾಳಾದ ರೈತರಿಗೆ ಇಲ್ಲಿ ಪರಿಹಾರ ಉಂಟು. ಅದರ ದುಡ್ಡು ಬರುವುದು ಬೇಟೆ ಲೈಸೆನ್ಸಿನ ಮೇಲೆ ಹಾಕುವ ಸಣ್ಣ ಶುಲ್ಕದಿಂದ. ಪರಿಹಾರ ಬೇಕಾದರೆ ರೈತರು ತಮ್ಮ ಹೊಲಕ್ಕೆ ಬೇಟೆಗಾರರನ್ನು ಬಿಡಬೇಕು ಅನ್ನುವ ಷರತ್ತೂ ಇದೆ. ನಮ್ಮ ಹಾವೇರಿ ಸೀಮೆಯಲ್ಲಿ ಚಿಗರಿ ಹಿಂಡು ಎಳೆ ಪೈರು ಮೇದು ಹೋದ ಮೇಲೆ ಬದುವಿನ ಮೇಲೆ ಕೂತ ರೈತರ ಮುಖ ನೋಡಿದ್ದೇನೆ. ನಮಗೆ ಬೇಟೆಯ ದಾರಿ ಬೇಡ. ಕೃಷ್ಣಮೃಗ ಉಳಿದದ್ದೇ ಆ 1972ರ ಕಾಯಿದೆಯಿಂದ. ಆದರೆ ಪ್ರಾಣಿಯನ್ನು ಉಳಿಸುವ ಖರ್ಚನ್ನು ಅದನ್ನು ನೋಡಿ ಖುಷಿಪಡುವ ಎಲ್ಲರೂ ಹಂಚಿಕೊಳ್ಳಬೇಕು, ಹೊಲದವರೊಬ್ಬರೇ ಹೊರಬಾರದು ಅನ್ನುವ ವಿಚಾರ ಇಲ್ಲಿಂದ ಕಲಿಯುವಂಥದ್ದು ಅಂತ ನನ್ನ ಗಟ್ಟಿ ಅಭಿಪ್ರಾಯ.

2020ರಲ್ಲಿ ಜೋಳದ ಕೊಯ್ಲು ಹೊತ್ತಿಗೆ ಸರಿಯಾಗಿ ಆಯಿತು. ಬೇಟೆ 21ಕ್ಕೆ ಶುರುವಾಯಿತು. ಕೊರೋನಾ ಕಾಲವಾದ್ದರಿಂದ ಹೊರಗೆ ಬಂದವರೂ ಜಾಸ್ತಿ. ಒಂಬತ್ತು ದಿನದ ಲೆಕ್ಕ 1.85 ಲಕ್ಷ ದಾಟಿತು. "ಜಿಂಕೆಯೇ ಇಲ್ಲ" ಅಂದಿದ್ದವರಲ್ಲಿ ಎಷ್ಟೋ ಜನ ಆ ವರ್ಷ ಅದೇ ಅಟ್ಟಣೆಯ ಮೇಲೆ ಕೂತು ಜಿಂಕೆ ಹೊಡೆದರು.

ಆ ಹಿರಿಯರು ತಮ್ಮ 2019ರ ಜೋಳವನ್ನು ಕೊಯ್ದದ್ದು ಡಿಸೆಂಬರ್ ಕೊನೆಯಲ್ಲಿ. ಕೆಸರು ಹೆಪ್ಪುಗಟ್ಟಿ ಕಲ್ಲಾದ ಮೇಲಷ್ಟೇ ಕಟಾವು ಮಷಿನ್ ಹೂತುಹೋಗದೆ ಓಡಾಡಬಹುದಿತ್ತು. ನಾನೂ ಕ್ಯಾಬಿನಿನಲ್ಲಿ ಅವರ ಪಕ್ಕ ಕೂತಿದ್ದೆ. ಒಂದು ಸಲಕ್ಕೆ ಆರು ಸಾಲು. ಹೊಲ ಎರಡೂ ಕಡೆಯಿಂದ ಸಣ್ಣದಾಗುತ್ತಾ ಬಂತು. ಮಧ್ಯಾಹ್ನದವರೆಗೆ ಒಂದು ಜಿಂಕೆಯೂ ಕಾಣಲಿಲ್ಲ. ಕೊನೆಗೆ ನಡುವೆ ಹನ್ನೆರಡು ಸಾಲಿನ ಒಂದು ಪಟ್ಟಿ ಉಳಿಯಿತು. ಅವರು ಮಷಿನ್ ನಿಧಾನ ಮಾಡಿ, ಈಗ ಎಣಿಸು ಅಂದರು. ಮೊದಲು ಒಂದು ಹೆಣ್ಣು ತಲೆ ಹಾಕಿ ನೋಡಿತು. ಆಮೇಲೆ ಅದರ ಹಿಂದೆ ಎರಡು ಮರಿ. ಆಮೇಲೆ ಎಲ್ಲವೂ ಒಟ್ಟಿಗೇ, ಬಿಳಿ ಬಾಲ ಎತ್ತಿಕೊಂಡು, ಕೊಯ್ದ ಕೂಳೆಯ ಮೇಲೆ ಹಾರುತ್ತಾ ಆ ಕಡೆಯ ಕಾಡಿಗೆ ಓಡಿದವು. ನಾನು ಹದಿನೇಳು ಎಣಿಸಿದೆ. ಅವರ ಲೆಕ್ಕಕ್ಕೆ ಹತ್ತೊಂಬತ್ತು.